ಬಿಳಿಮೀನಿನ ಲೆಕ್ಕ

ಡಿಸೆಂಬರ್ ಕೊನೆಯ ವಾರ ಬಂದರೆ ಎಲ್ಲಿಗೆ ಹೋಗೋಣ ಅನ್ನುವ ಚರ್ಚೆ ನಮ್ಮ ಮನೆಯಲ್ಲಿ ಏಳುವುದೇ ಇಲ್ಲ. ಮಗಳಿಗೆ ಕ್ರಿಸ್‌ಮಸ್ ರಜೆ ಶುರುವಾದ ಮಾರನೇ ದಿನವೇ ಹಲಗೂರು ಕಡೆ ಹೊರಡುತ್ತೇವೆ. ಅಲ್ಲಿ ನನ್ನ ಸೋದರಮಾವನ ಮನೆ. ಅಲ್ಲಿಂದ ಕಾಡಿನ ರಸ್ತೆ ಇಳಿದರೆ ಮುತ್ತತ್ತಿ. ಮುತ್ತತ್ತಿ ಅಂದರೆ ಕಾವೇರಿ.

ಆ ವಾರದಲ್ಲಿ ಹೊಳೆ ನೋಡಬೇಕು. ಮಳೆಗಾಲದ ಕೆಂಪು ನೀರು ಇಳಿದಿರುತ್ತದೆ. ಹಿಂಗಾರೂ ಮುಗಿದು ನೀರು ತಿಳಿಯಾಗಿರುತ್ತದೆ. ಮುಳುಗಿದ್ದ ಬಂಡೆಗಳು ಒಂದೊಂದಾಗಿ ಬೆನ್ನು ತೋರಿಸುತ್ತಿರುತ್ತವೆ. ಬೆಳಿಗ್ಗೆ ಆರು ಗಂಟೆಗೆ ಹೋದರೆ ಹಂಡೆಯ ನೀರಿನಂತೆ ಹೊಳೆಯಿಂದ ಹಬೆ ಏಳುತ್ತಿರುತ್ತದೆ. ದಂಡೆಯ ಹೊಳೆಮತ್ತಿ ಮರಗಳು ಬೇರನ್ನು ನೀರಿಗೇ ಇಳಿಬಿಟ್ಟು ನಿಂತಿರುತ್ತವೆ. ಮಾಗಿ ಚಳಿ ಕಿವಿಗೆ ಕಚ್ಚುತ್ತದೆ. ಮಾವ ತಲೆಗೆ ಟವೆಲ್ ಸುತ್ತಿಕೊಂಡು, ಬೀಡಿ ಹಚ್ಚದೆ ಸುಮ್ನೆ ಬೆರಳಿನಲ್ಲಿ ಹಿಡಿದು, ನೀರು ನೋಡುತ್ತಾ ಕೂರುತ್ತಾರೆ. ಅರ್ಧ ಗಂಟೆ ಮಾತಿಲ್ಲ.

ಅವರು ಹಾಗೆ ಕೂರುವುದನ್ನು ಕಲಿತದ್ದು ಕೆಲಸದಲ್ಲಿ. ಇಪ್ಪತ್ತು ವರ್ಷ ಹತ್ತಿರ ಹೊಳೆ ದಂಡೆಯ ಮೀನು ಕ್ಯಾಂಪಿನಲ್ಲಿ ಹರಿಗೋಲು ನಡೆಸಿದವರು ಅವರು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿ ಈ ಹೆಸರುಗಳು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಕಾಣೆ. ಇಂಗ್ಲೆಂಡಿನಲ್ಲಿ ಗಾಳ ಹಾಕುವವರಿಗೆ ಮಾತ್ರ ಚೆನ್ನಾಗಿ ಗೊತ್ತಿದ್ದವು. ಡಿಸೆಂಬರಿನಿಂದ ಮಾರ್ಚಿನವರೆಗೆ ಅವರು ವಿಮಾನ ಹತ್ತಿ ಬರುತ್ತಿದ್ದರು. ಅಲ್ಲಿನ ಹಿಮ ಬಿಟ್ಟು, ಇಲ್ಲಿನ ಬಿಸಿಲಲ್ಲಿ ಬಂಡೆ ಮೇಲೆ ಕೂತು, ಒಂದೇ ಒಂದು ಮೀನಿಗಾಗಿ ಕಾಯುತ್ತಿದ್ದರು. ಆ ಮೀನು ಮಹಶೀರ್. ನಮ್ಮ ಕಡೆ ಅದಕ್ಕೆ ಬಿಳಿಮೀನು ಅಂತಾರೆ.

ಜೊತೆಗೆ ಬರುವ ಆಳಿಗೆ ಆ ಸಾಹೇಬರುಗಳು 'ಗಿಲ್ಲಿ' ಅನ್ನುತ್ತಿದ್ದರು. ಅದು ಸ್ಕಾಟ್ಲೆಂಡಿನ ಮಾತು, ಬೇಟೆಗೂ ಮೀನಿಗೂ ದಾರಿ ತೋರಿಸುವವನು ಅಂತ ಅರ್ಥ. ಮಾವನಿಗೆ ಅದು ಚಿನ್ನಿದಾಂಡಿನ ಗಿಲ್ಲಿ ಅಲ್ಲ ಅಂತ ತಿಳಿದಾಗ ಎರಡು ವರ್ಷ ಕಳೆದಿತ್ತಂತೆ. ಈಗಲೂ ಯಾರಾದರೂ ಕೇಳಿದರೆ 'ನಾನು ಗಿಲ್ಲಿ ಆಗಿದ್ದೆ' ಅಂತ ಎದೆ ಉಬ್ಬಿಸಿಯೇ ಹೇಳುತ್ತಾರೆ.

ನನಗೂ ಆ ಮೀನಿಗೂ ನಂಟು ಬೆಸೆದದ್ದು 2000ನೇ ಇಸವಿಯ ಡಿಸೆಂಬರಿನಲ್ಲಿ. ಏಳನೇ ಕ್ಲಾಸು. ಅಲ್ಲಿಯವರೆಗೆ ನನಗೆ ಮೀನು ಹಿಡಿಯುವುದೆಂದರೆ ನಾಲೆ ದಂಡೆಯಲ್ಲಿ ಬಿದಿರು ಕಡ್ಡಿ, ಎರೆಹುಳ, ಬೆರಳುದ್ದದ ಮೀನು, ಸಂಜೆ ಅಜ್ಜಿ ಕೈಯ ಸಾರು. ಆ ರಜೆಯಲ್ಲಿ ಮಾವ ನನ್ನನ್ನು ಕ್ಯಾಂಪಿಗೆ ಕರೆದುಕೊಂಡು ಹೋದರು. ಮೊದಲು ಕೊಟ್ಟ ಕೆಲಸ ಹಿಟ್ಟು ನಾದುವುದು.

ಹೌದು, ರಾಗಿ ಹಿಟ್ಟು. ಬಿಳಿಮೀನಿಗೆ ಎರೆ ಅಂದರೆ ರಾಗಿ. ರಾಗಿ ಹಿಟ್ಟನ್ನು ಸ್ವಲ್ಪವೇ ನೀರು ಹಾಕಿ ಗಟ್ಟಿಯಾಗಿ ಕಲಸಬೇಕು. ಒಂಚೂರು ಸೋಂಪು ಕುಟ್ಟಿ ಸೇರಿಸಬೇಕು. ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಡಬೇಕು. ಬೆಂದ ಮೇಲೆ ತೆಗೆದು, ಕೈ ಸುಡುತ್ತಿರುವಾಗಲೇ ಮತ್ತೆ ನಾದಬೇಕು. ನಾವು ಉಣ್ಣುವ ಹಿಟ್ಟು ಮೆತ್ತಗಿದ್ದಷ್ಟೂ ಗಂಟಲಲ್ಲಿ ಸಲೀಸಾಗಿ ಇಳಿಯುತ್ತದೆ. ಮೀನಿನ ಹಿಟ್ಟು ಹಾಗಿರಬಾರದು. ಮೆತ್ತಗಿದ್ದರೆ ಸಣ್ಣ ಮೀನುಗಳು ಬಂದು ಕೆರೆದು ಕೆರೆದು ಖಾಲಿ ಮಾಡುತ್ತವೆ. ರಬ್ಬರ್ ಚೆಂಡಿನ ಹಾಗೆ ಇರಬೇಕು. ನಾನು ನಾದಿದ ಮೊದಲ ಉಂಡೆಯನ್ನು ಮಾವ ಬಂಡೆಗೆ ಹೊಡೆದು ನೋಡಿದರು. ಅಂಟಿಕೊಂಡಿತು. 'ಇದು ನಿಂಗೆ ಸಾರಿನ ಜೊತೆ ಆಗ್ತದೆ, ಅದಕ್ಕಲ್ಲ. ಇನ್ನೊಂದು ಸಲ ನಾದು' ಅಂದರು. ಎರಡನೆಯದು ಬಂಡೆಗೆ ಬಡಿದು ಪುಟಿದು ಬಂತು. ಅದನ್ನು ನಿಂಬೆಹಣ್ಣಿನಷ್ಟು ದಪ್ಪಕ್ಕೆ ಗಾಳದ ಕೊಕ್ಕೆ ಸುತ್ತ ಮುಚ್ಚಿ, ಮೇಲೆ ಸೀಸ ಕಟ್ಟಿ, ಬಿಳಿ ನೊರೆಯ ನೀರು ತಣ್ಣಗಾಗಿ ಮಡುವಿಗೆ ಸೇರುವ ಜಾಗಕ್ಕೆ ಎಸೆದರು.

ಅವತ್ತು ಜೊತೆಗಿದ್ದವರು ವಯಸ್ಸಾದ ಒಬ್ಬ ಇಂಗ್ಲಿಷ್ ಸಾಹೇಬರು. ಮೂರು ದಿನದಿಂದ ಒಂದು ಮೀನೂ ಕಚ್ಚಿರಲಿಲ್ಲ. ಅವರಿಗೆ ಬೇಜಾರಿನ ಸುಳಿವೇ ಇರಲಿಲ್ಲ. ಎದುರು ದಂಡೆಯಲ್ಲಿ ನೀರುನಾಯಿಗಳು ಆಡುವುದನ್ನು ಬೈನಾಕ್ಯುಲರ್‌ನಲ್ಲಿ ನೋಡುತ್ತಾ, ನನಗೂ ಕೊಟ್ಟು, 'ಲುಕ್, ಲುಕ್' ಅನ್ನುತ್ತಿದ್ದರು. ಹನ್ನೊಂದು ಗಂಟೆ ಹೊತ್ತಿಗೆ ರೀಲು ಕಿರುಚಿತು. ಆ ಸದ್ದನ್ನು ಹೇಗೆ ಹೇಳಲಿ? ಬಾವಿ ರಾಟೆ ಹಗ್ಗ ಸಮೇತ ಕಳಚಿ ಓಡಿದ ಹಾಗೆ.

ಬಿಳಿಮೀನಿನ ದವಡೆಯಲ್ಲಿ ಹಲ್ಲಿಲ್ಲ. ಹಲ್ಲು ಗಂಟಲೊಳಗೆ. ಏಡಿಯ ಚಿಪ್ಪನ್ನೂ ಅಲ್ಲೇ ಅರೆದು ನುಂಗುತ್ತದೆ. ಕಚ್ಚಿದ ಕೂಡಲೇ ನೀರಿನ ಓಟದ ಜೊತೆ ಕೆಳಕ್ಕೆ ಧಾವಿಸುತ್ತದೆ, ಬಂಡೆ ಸಂದಿಗೆ ನುಗ್ಗುತ್ತದೆ. ದಾರ ಬಂಡೆಗೆ ಸಿಕ್ಕಿತೋ, ಮುಗಿಯಿತು. ಅದಕ್ಕೇ ಹರಿಗೋಲು ಬೇಕು. ಮಾವ ಸಾಹೇಬರನ್ನೂ ನನ್ನನ್ನೂ ಕೂರಿಸಿಕೊಂಡು, ಒಂದೇ ಹುಟ್ಟಿನಲ್ಲಿ ಆ ಬುಟ್ಟಿಯನ್ನು ಗಿರಗಿರ ತಿರುಗಿಸುತ್ತಾ, ದಾರ ಹೋದ ದಾರಿಯಲ್ಲೇ ಹೋದರು. ನಲವತ್ತು ನಿಮಿಷ. ಕೊನೆಗೆ ಮರಳು ದಂಡೆಯ ಹತ್ತಿರ, ಮೊಣಕಾಲುದ್ದದ ನೀರಿನಲ್ಲಿ, ಅದು ಪಕ್ಕಕ್ಕೆ ವಾಲಿತು.

ಅದಕ್ಕೆ ಬಿಳಿಮೀನು ಅಂತ ಯಾಕೆ ಹೆಸರು ಬಂತೋ, ನನ್ನ ಕಣ್ಣಿಗೆ ಕಂಡದ್ದು ಹಳೇ ಬಂಗಾರದ ಬಣ್ಣ. ಬೆನ್ನಿನ ಮೇಲೆ, ತಲೆ ಮುಗಿಯುವ ಕಡೆ, ಸಣ್ಣ ಗೂನು. ಈಜುರೆಕ್ಕೆಗಳು ಕಿತ್ತಳೆ. ತುಟಿ ದಪ್ಪ, ಮೂಲೆಯಲ್ಲಿ ಮೀಸೆ. ಒಂದೊಂದು ಹುರುಪೆಯೂ ನನ್ನ ಅಂಗೈಯಷ್ಟು ಅಗಲ, ಅಂಚಿನಲ್ಲಿ ಕಪ್ಪು ಗೆರೆ. ಬಟ್ಟೆಯ ಜೋಲಿಯಲ್ಲಿ ಎತ್ತಿ ತೂಗಿದರು. 42 ಪೌಂಡು. ಆಮೇಲೆ ನೀರಿಗಿಳಿಸಿ, ತಲೆಯನ್ನು ಹರಿವಿನ ಎದುರಿಗೆ ಹಿಡಿದರು. ಸಾಹೇಬರು ನನ್ನನ್ನು ಕರೆದು ಬಾಲದ ಬುಡ ಹಿಡಿಯಲು ಹೇಳಿದರು. ನನ್ನ ಎರಡೂ ಕೈ ಸೇರಿಸಿದರೂ ಸುತ್ತಳತೆ ಸಾಲಲಿಲ್ಲ. ತಣ್ಣಗೆ, ಗಟ್ಟಿಯಾಗಿ, ಕರುವಿನ ಕಾಲಿನಂತೆ ಇತ್ತು. ಕಿವಿರು ಮೆಲ್ಲಗೆ ತೆರೆದು ಮುಚ್ಚಿ, ತೆರೆದು ಮುಚ್ಚಿ. ಹತ್ತು ನಿಮಿಷ ಇರಬಹುದು, ಹಾಗೇ ಹಿಡಿದು ನಿಂತೆವು. ಒಂದು ಕ್ಷಣ ಅದರ ಮೈಯೊಳಗೆ ಬಲ ವಾಪಸ್ ಬಂದದ್ದು ನನ್ನ ಬೆರಳಿಗೆ ಗೊತ್ತಾಯಿತು. ಮರುಕ್ಷಣ ಕೈ ಖಾಲಿ. ಮುಖಕ್ಕೆಲ್ಲ ನೀರು.

ಹಿಡಿದ ಮೀನನ್ನು ಬಿಟ್ಟುಬಿಡುತ್ತಾರೆ ಅಂತ ನನಗೆ ಮೊದಲೇ ಗೊತ್ತಿರಲಿಲ್ಲ. 'ಬಿಟ್ಟಿದ್ದು ಯಾಕೆ ಮಾವ?' ಅಂದೆ. 'ಅದು ಹೊಳೆಗೆ ಹಿರೀಕ ಕಣ್ಲಾ. ಹಿರೀಕರನ್ನ ಯಾರಾದ್ರೂ ಸಾರು ಮಾಡ್ತಾರಾ?' ಅಂದರು.

ಸಂಜೆ ಕ್ಯಾಂಪಿನಲ್ಲಿ ಒಂದು ದಪ್ಪ ಪುಸ್ತಕ ತೆಗೆದರು. ತಾರೀಕು, ಜಾಗ, ಎರೆ, ತೂಕ, ಎಷ್ಟು ಗಂಟೆ ಕೂತಿದ್ದು, ಎಲ್ಲ ಬರೆದರು. ನಾನು ಹಿಂದಿನ ಪುಟ ತಿರುವಿದೆ. ಆ ಮೂರು ಖಾಲಿ ದಿನಗಳೂ ಇದ್ದವು. ಏನೂ ಸಿಗದ ದಿನವನ್ನೂ ಯಾಕೆ ಬರೆಯುತ್ತಾರೋ ಅಂತ ಆಗ ಅನ್ನಿಸಿತ್ತು.

ಈ ಕಥೆಗೆ ಹಿಂದಿನ ಕಥೆಯೂ ಇದೆ. ಮೈಸೂರಿನಲ್ಲಿ ಪ್ರಾಣಿಗಳ ಚರ್ಮ ಹದ ಮಾಡಿ ಬೊಂಬೆ ಮಾಡುತ್ತಿದ್ದ ವ್ಯಾನ್ ಇಂಜನ್ ಮನೆತನದ ಹೆಸರು ಹಳಬರಿಗೆ ನೆನಪಿರಬಹುದು. ಆ ಮನೆತನದ ಡಿ ವೆಟ್ ವ್ಯಾನ್ ಇಂಜನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಬಿಳಿಮೀನು ಹಿಡಿದರು. ಅಂದರೆ 54 ಕಿಲೋ. ನಡುಹರೆಯದ ಒಬ್ಬ ಮನುಷ್ಯನ ತೂಕ ಹತ್ತಿರ ಹತ್ತಿರ. ಇವತ್ತಿಗೂ ಗಾಳಕ್ಕೆ ಸಿಕ್ಕ ಮಹಶೀರ್‌ಗಳಲ್ಲಿ ಅದರದ್ದೇ ದಾಖಲೆ. ಆಮೇಲೆ ಮೂವತ್ತು ವರ್ಷ ಈ ಮೀನಿನ ಸುದ್ದಿಯೇ ಇರಲಿಲ್ಲ. ಮುಗಿದೇ ಹೋಯಿತು ಅಂತ ಹೊರಗಿನವರು ಅಂದುಕೊಂಡಿದ್ದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಿಂದ ಕೆಲವು ಹುಡುಗರು ಹುಡುಕಿಕೊಂಡು ಬಂದು ಕಾವೇರಿಯಲ್ಲಿ ದೊಡ್ಡ ದೊಡ್ಡ ಮೀನು ಹಿಡಿದು ತೋರಿಸಿದರು. ಅಷ್ಟು ಹೊತ್ತಿಗೆ ಬೆಂಗಳೂರಿನಲ್ಲಿ 'ವಾಸಿ' ಅನ್ನುವ ಸಂಘ ಇತ್ತು. 1972ರಲ್ಲಿ ಶುರುವಾದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ. ಸರ್ಕಾರದ ಜಂಗಲ್ ಲಾಡ್ಜಸ್ ಕ್ಯಾಂಪುಗಳೂ ಬಂದವು. ಹಿಡಿ, ತೂಗು, ಬಿಡು ಅನ್ನುವ ಕಟ್ಟಳೆ ಬಂತು. ಮದ್ದು ಸಿಡಿಸಿ ಮೀನು ಹಿಡಿಯುತ್ತಿದ್ದವರಲ್ಲೇ ಕೆಲವರನ್ನು ಕರೆದು ಕಾವಲಿಗೆ, ಹರಿಗೋಲಿಗೆ ಹಾಕಿಕೊಂಡರು. ಯಾವ ಮಡುವಿನಲ್ಲಿ ಮೀನಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ, ಅಲ್ವಾ?

ಮೀನಿನ ಹೆಜ್ಜೆ ಯಾರಿಗೂ ಕಾಣುವುದಿಲ್ಲ ಅಂತಾರೆ. ಬಿಳಿಮೀನಿನ ಹೆಜ್ಜೆ ಕಂಡದ್ದು ಆ ದಪ್ಪ ಪುಸ್ತಕಗಳಲ್ಲೇ. ಗಾಳಿಬೋರೆ ಕ್ಯಾಂಪಿನಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಮೀನಿನ ವಿಜ್ಞಾನಿಗಳಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತವರ ಜೊತೆಗಾರರು ಕೂತು ಓದಿದರು. ಹಿಡಿದು ಬಿಟ್ಟ ಮೀನುಗಳೇ ಆರು ಸಾವಿರಕ್ಕೂ ಜಾಸ್ತಿ. ಒಟ್ಟು ಮಹಶೀರ್ ನೋಡಿದರೆ ವರ್ಷದಿಂದ ವರ್ಷಕ್ಕೆ ಹೆಚ್ಚು ಸಿಗುತ್ತಿತ್ತು. ಎಲ್ಲರೂ ಖುಷಿಯಾಗಿದ್ದರು, ಮಾವನೂ. ಆದರೆ ಅವನ್ನು ಎರಡು ರಾಶಿ ಮಾಡಿ ನೋಡಿದಾಗ ಬೇರೆಯೇ ವಿಷಯ ಹೊರಬಂತು. ಹೆಚ್ಚಾಗುತ್ತಿದ್ದದ್ದು ನೀಲಿ ರೆಕ್ಕೆಯದು. ನಾನು ಬಾಲ ಹಿಡಿದಿದ್ದ ಗೂನು ಬೆನ್ನಿನ, ಕಿತ್ತಳೆ ರೆಕ್ಕೆಯದು ಕಡಿಮೆಯಾಗುತ್ತಾ ಬಂದಿತ್ತು. ಸಿಕ್ಕವೂ ದೊಡ್ಡ ದೊಡ್ಡವು. ದೊಡ್ಡ ಮೀನು ಸಿಕ್ಕಾಗ ಕ್ಯಾಂಪಿನಲ್ಲಿ ಚಪ್ಪಾಳೆ. ಆ ಚಪ್ಪಾಳೆಯಲ್ಲಿ ಮರಿಗಳು ಎಲ್ಲಿ ಅಂತ ಕೇಳುವುದು ಮರೆತೇಹೋಗಿತ್ತು. ಊರಿನಲ್ಲಿ ಬರೀ ಅಜ್ಜ ಅಜ್ಜಿಯರೇ ಉಳಿದು ಒಂದೂ ತೊಟ್ಟಿಲು ತೂಗದಿದ್ದರೆ ಹೇಗೋ, ಹಾಗಾಗಿತ್ತು ಮಡು.

ನೀಲಿ ರೆಕ್ಕೆಯದು ಕಾವೇರಿಯದ್ದಲ್ಲ. ಕೃಷ್ಣೆಯ ಕಡೆಯದು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ಪವರ್‌ನವರು 1970ರ ದಶಕದಲ್ಲಿ ಮಹಶೀರ್ ಮರಿ ಮಾಡಿಸುವುದನ್ನು ಕಲಿತರು. ಅದು ನಿಜವಾಗಿಯೂ ದೊಡ್ಡ ಕೆಲಸ. ಆ ಮರಿಗಳು ದೇಶದ ಎಷ್ಟೋ ನದಿಗಳಿಗೆ ಹೋದವು. ಕಾವೇರಿಗೂ ಬಂದವು. ಮೀನು ಕಡಿಮೆಯಾಗುತ್ತಿದೆ, ಮರಿ ಬಿಟ್ಟರೆ ಹೆಚ್ಚಾಗುತ್ತೆ ಅನ್ನುವ ಒಳ್ಳೇ ಮನಸ್ಸಿನಿಂದಲೇ ಬಿಟ್ಟದ್ದು. ಆಗ ಮಹಶೀರ್ ಅಂದರೆ ಎಲ್ಲರಿಗೂ ಒಂದೇ. ಎರಡು ಬೇರೆ ಅಂತ ಯಾರೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅಣೆಕಟ್ಟು, ಮರಳು ತೆಗೆಯುವುದು, ಮದ್ದು, ವಿಷ, ಇವೂ ಸೇರಿದವು. ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ. ಪ್ರೀತಿಯಿಂದ ಮಾಡಿದ ಕೆಲಸವೂ ಆ ಪಟ್ಟಿಯಲ್ಲಿದೆ ಅನ್ನುವುದು ನನ್ನನ್ನು ಈಗಲೂ ಕಾಡುತ್ತದೆ. ಮಾವನೂ ಒಮ್ಮೆ ಮರಿ ತುಂಬಿದ ಪ್ಲಾಸ್ಟಿಕ್ ಚೀಲ ಬಿಚ್ಚಿ ಹೊಳೆಗೆ ಸುರಿದವರೇ. ಸುರಿಯುವಾಗ ಕೈ ಮುಗಿದಿದ್ದರಂತೆ.

ಗೂನು ಬೆನ್ನಿನ ಮೀನಿಗೆ ಆಗ ವಿಜ್ಞಾನದ ಹೆಸರೂ ಖಚಿತವಾಗಿರಲಿಲ್ಲ. ಜಗತ್ತೆಲ್ಲ ಕೊಂಡಾಡಿದ ಮೀನು, ಹೆಸರಿಲ್ಲದ ಮೀನು. 2018ರಲ್ಲಿ ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳನ್ನು ಇಟ್ಟುಕೊಂಡು, ಕೇರಳದ ಪಾಂಬಾರಿನಲ್ಲಿ ಮೊದಲೇ ಗುರುತಿಸಿದ್ದ ಟಾರ್ ರೆಮಾದೇವಿಯೇ ಇದು ಅಂತ ತೀರ್ಮಾನವಾಯಿತು. ಮೋಯಾರ್ ಬಂಡೀಪುರದ ಅಂಚಿನಲ್ಲೇ ಹರಿಯುವ ನೀರು, ಕಾವೇರಿಯ ಬಳಗವೇ. ಅದೇ ವರ್ಷ, ಜಗತ್ತಿನ ಜೀವಿಗಳ ಅಳಿವು ಉಳಿವಿನ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆ ಈ ಮೀನನ್ನು ಅಳಿವಿನ ತೀರಾ ಅಂಚಿನಲ್ಲಿರುವವುಗಳ ಪಟ್ಟಿಗೆ ಸೇರಿಸಿತು. ನಾಮಕರಣವಾದ ವರ್ಷವೇ ಮರಣದ ಎಚ್ಚರಿಕೆಯೂ ಬಂತು.

ಗಾಳ ನಿಂತದ್ದು ಅದಕ್ಕೂ ಮುಂಚೆ. ಆ ಹೊಳೆ ದಂಡೆ 1987ರಿಂದ ಕಾವೇರಿ ವನ್ಯಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಭಯಾರಣ್ಯದೊಳಗೆ ಪ್ರಾಣಿ ಹಿಡಿಯುವುದೂ ಬೇಟೆಯೇ. ಹಿಡಿದು ಬಿಟ್ಟರೂ ಹಿಡಿದ ಹಾಗೆಯೇ ಅನ್ನುವ ಮಾತು ಬಂತು. 2012ರ ಹೊತ್ತಿಗೆ ಎಲ್ಲ ಮುಗಿಯಿತು. ಆ ಪುಸ್ತಕದ ಲೆಕ್ಕವೂ ಅಲ್ಲಿಗೇ ನಿಂತಿತು.

ನಿಲ್ಲಿಸಿದ್ದು ತಪ್ಪು ಅಂತ ಬಾಯಿಬಿಟ್ಟು ಹೇಳಲು ನನಗೆ ಆಗುವುದಿಲ್ಲ. ಕೊಕ್ಕೆ ತುಟಿಗೆ ಚುಚ್ಚಿದ್ದನ್ನು ನಾನೇ ನೋಡಿದ್ದೇನೆ. ಸುಸ್ತಾಗಿ ಪಕ್ಕಕ್ಕೆ ವಾಲಿದ ಜೀವವನ್ನು ಕೈಯಾರೆ ಹಿಡಿದಿದ್ದೇನೆ. ರಜೆಯ ಸಂತೋಷಕ್ಕೆ ಇನ್ನೊಂದು ಜೀವವನ್ನು ಅಷ್ಟು ಓಡಿಸಬೇಕಾ ಅಂತ ಮಗಳು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಆದರೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಸಾಹೇಬರು, ಬೆಂಗಳೂರಿನಿಂದ ಬರುತ್ತಿದ್ದ ಹವ್ಯಾಸಿಗಳು, ಮಾವನಂಥವರು, ಇವರೆಲ್ಲ ಹಗಲೂ ರಾತ್ರಿ ನೀರಿನ ಮೇಲೆ ಕಣ್ಣಿಟ್ಟಿದ್ದರು. ದೂರದಲ್ಲಿ ಮದ್ದಿನ ಸದ್ದು ಕೇಳಿದರೆ ಹರಿಗೋಲು ಹತ್ತಿ ಹೋಗುತ್ತಿದ್ದರು. ಕ್ಯಾಂಪು ನಿಂತ ವರ್ಷ ಮಾವ ಮನೆಯ ಜಗಲಿಯಲ್ಲಿ ಕೂತು, 'ಈಗ ಹೊಳೇಲಿ ಏನಾಗ್ತಿದೆ ಅಂತಲೇ ಗೊತ್ತಾಗ್ತಿಲ್ಲ' ಅಂದಿದ್ದರು. ಸಂಬಳ ಹೋದದ್ದಕ್ಕಿಂತ ಅದೇ ಅವರಿಗೆ ಜಾಸ್ತಿ ಸಂಕಟ.

ನಮ್ಮಲ್ಲಿ ಮೀನು ಕಾಯುವ ಇನ್ನೊಂದು ದಾರಿ ಮೊದಲಿನಿಂದ ಇದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದಲ್ಲಿ ಇದೇ ಕಾವೇರಿಯಲ್ಲಿ, ಅವು ದೇವರ ಮೀನು. ಮಂಡಕ್ಕಿ ಹಾಕಿದರೆ ಮೆಟ್ಟಿಲಿಗೇ ಬರುತ್ತವೆ. ಗಾಳದ ಮಾತೇ ಇಲ್ಲ. 1996ರಲ್ಲಿ ಶಿಶಿಲದಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರಿನವರು ಅವುಗಳಿಗೆ ಸ್ಮಾರಕ ಕಟ್ಟಿದರು. ಮೀನಿಗೆ ಸ್ಮಾರಕ ಕಟ್ಟಿದ ಊರು ಅದು! ಮುತ್ತತ್ತಿಯಲ್ಲೂ ದೇವರಿದ್ದಾನೆ. ಸೀತಮ್ಮ ಸ್ನಾನ ಮಾಡುವಾಗ ಮೂಗುತಿಯ ಮುತ್ತು ಹೊಳೆಗೆ ಬಿದ್ದು, ಆಂಜನೇಯ ಬಾಲದಿಂದ ನೀರು ಕಲಕಿ ಎತ್ತಿಕೊಟ್ಟ ಅಂತ ಕಥೆ. ಆ ಬಾಲ ಕಲಕಿದ್ದಕ್ಕೇ ಇಲ್ಲಿ ಇಷ್ಟು ಸುಳಿ ಅಂತ ಅಜ್ಜಿ ಹೇಳುತ್ತಿದ್ದಳು. ಸುಳಿಯ ಮಾತು ಬರೀ ಕಥೆಯಲ್ಲ, ಪ್ರತಿ ವರ್ಷ ಜೀವ ಹೋಗುತ್ತವೆ. ರಜೆಗೆ ಬರುವವರು ದಯವಿಟ್ಟು ನೀರಿಗೆ ಇಳಿಯಬೇಡಿ.

ಬರುವವರು ಮಾತ್ರ ಹೆಚ್ಚಾಗಿದ್ದಾರೆ. ಡಿಸೆಂಬರ್ 25ರಿಂದ ಜನವರಿ 1ರವರೆಗೆ ಹತ್ತು ಗಂಟೆ ಮೇಲೆ ಅಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಕಾರಿನ ಡಿಕ್ಕಿ ತೆಗೆದು ಹಾಡು ಹಾಕುತ್ತಾರೆ. ಬಾಟಲಿ ಒಡೆಯುತ್ತಾರೆ. ಮಾವ ಗೋಣಿಚೀಲ ತಂದು ಗಾಜು ಆರಿಸುತ್ತಾರೆ. ಎಪ್ಪತ್ತು ದಾಟಿದ ಬೆನ್ನು ಬಗ್ಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅಷ್ಟು ದೂರದಿಂದ ಬಂದು, ಅಂಥ ಹೊಳೆಯ ಪಕ್ಕ ನಿಂತು, ಒಂದು ಸಲವೂ ಆ ಕಡೆ ತಿರುಗಿ ನೋಡದೆ ಹೋಗುತ್ತಾರಲ್ಲ.

ಅದಕ್ಕೇ ನಾವು ಬೆಳಿಗ್ಗೆಯೇ ಹೋಗುತ್ತೇವೆ. ಕಳೆದ ಡಿಸೆಂಬರಿನಲ್ಲಿ ಮಗಳು ಒಂದು ನೋಟ್‌ಬುಕ್ ತಂದಿದ್ದಳು. ಹಿಂದಿನ ಜನವರಿಯಲ್ಲಿ ನೀರುಹಕ್ಕಿ ಎಣಿಸುವವರ ಜೊತೆ ಒಂದು ಕೆರೆಗೆ ಹೋಗಿ ಬಂದಾಗಿನಿಂದ ಅವಳಿಗೆ ಎಣಿಸುವ ಹುಚ್ಚು. ಏಷ್ಯಾದ ದೇಶಗಳಲ್ಲೆಲ್ಲ 1987ರಿಂದ ಪ್ರತಿ ಜನವರಿ ಈ ಎಣಿಕೆ ನಡೆಯುತ್ತದೆ. ಎಣಿಸುವವರಲ್ಲಿ ಬಹಳ ಜನ ನಮ್ಮ ನಿಮ್ಮ ಹಾಗೆ ರಜೆ ಹಾಕಿ ಬರುವವರು. ಅವಳು ಸ್ಕೇಲ್ ಇಟ್ಟು ಗೆರೆ ಎಳೆದು ಕಾಲಂ ಮಾಡಿಕೊಂಡಿದ್ದಳು.

6:40ಕ್ಕೆ ಬಂಡೆ ಮೇಲೆ ಒಂದು ಬೂದು ಸಿಪಿಲೆ. ಬಾಲ ಕುಣಿಸುತ್ತಾ ಅತ್ತಿತ್ತ ಓಡಿತು. ಹಿಮಾಲಯದ ಕಡೆಯಿಂದ ಚಳಿಗಾಲಕ್ಕೆ ಬಂದದ್ದು. 7 ಗಂಟೆಗೆ ಎದುರು ದಂಡೆಯ ಮತ್ತಿ ಮರದಲ್ಲಿ ಬೂದು ಬಣ್ಣದ ದೊಡ್ಡ ಅಳಿಲು. ಬಾಲ ಇಳಿಬಿಟ್ಟು ಕೊಂಬೆ ಮೇಲೆ ಬೋರಲಾಗಿ ಮಲಗಿತ್ತು. ಕರ್ನಾಟಕದಲ್ಲಿ ಅದನ್ನು ನೋಡಬೇಕೆಂದರೆ ಈ ಹೊಳೆಸಾಲಿಗೇ ಬರಬೇಕು. 7:15ಕ್ಕೆ ನೀರುನಾಯಿ, ಐದು. ಮಧ್ಯದ ಬಂಡೆಗೆ ಹತ್ತಿ ಮೈ ಒದರಿದವು. ಒಂದರ ಬಾಯಲ್ಲಿ ಮೀನು. ಮಾವ ಟವೆಲ್ ಸರಿಸಿ, ಕುತ್ತಿಗೆ ಮುಂದೆ ಚಾಚಿ, ಕಣ್ಣು ಕಿರಿದು ಮಾಡಿ ನೋಡಿದರು.

'ಯಾವ ಮೀನು ತಾತಾ?'

'ನೀಲಿ ರೆಕ್ಕೆ.'

ಅಷ್ಟು ದೂರದಿಂದ ಹೇಗೆ ಗೊತ್ತಾಯಿತೋ. ಅವಳು ಬರೆದುಕೊಂಡಳು.

ಎಂಟೂವರೆಗೆ ಬಿಸಿಲು ನೀರಿಗೆ ಬಿತ್ತು. ಮಂಜು ಕರಗಿತು. ರಸ್ತೆಯಲ್ಲಿ ಮೊದಲ ಕಾರಿನ ಹಾರ್ನ್ ಕೇಳಿತು. ಮಗಳು ನೋಟ್‌ಬುಕ್ ಮಡಚಿ ಬ್ಯಾಗಿಗೆ ಹಾಕಲು ಹೋದಳು. ಮಾವ ಕೈ ಅಡ್ಡ ಹಿಡಿದರು.

'ಬಿಳಿಮೀನಿಂದು ಬರೀಲಿಲ್ವಾ ಮಗ?'

'ಕಾಣಲಿಲ್ಲ ಅಲ್ವಾ ತಾತ.'

'ಕಾಣದೇ ಇದ್ದಿದ್ದನ್ನೂ ಬರೀಬೇಕು. ಎಷ್ಟು ಹೊತ್ತು ಕೂತಿದ್ವಿ ಅಂತಾನೂ ಬರಿ.'

ಅವಳು ಮತ್ತೆ ಪುಟ ಬಿಚ್ಚಿ, ಹೊಸದಾಗಿ ಒಂದು ಗೆರೆ ಎಳೆದು, ಬರೆದಳು. ಬಿಳಿಮೀನು, ಎರಡೂವರೆ ಗಂಟೆ, ಸೊನ್ನೆ. ಮಾವ ಪುಸ್ತಕ ಇಸಕೊಂಡು, ಕನ್ನಡಕ ಇಲ್ಲದ ಕಣ್ಣಿಗೆ ಹತ್ತಿರ ಹಿಡಿದು, ಸೊನ್ನೆಯನ್ನು ಒಂದು ಸಲ ಬೆರಳಿನಿಂದ ಮುಟ್ಟಿ ನೋಡಿ ವಾಪಸ್ ಕೊಟ್ಟರು. ಆಮೇಲೆ ಗೋಣಿಚೀಲ ಕೊಡವಿ ಹೆಗಲಿಗೆ ಹಾಕಿಕೊಂಡು ದಂಡೆ ಹತ್ತಿದರು.